ತಾಯಿಯ ಪಾತ್ರದ ಹಂಪಾದೇವಿ

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಮುಗಿಯುತ್ತಿದ್ದಂತೆ ನಾಟಕ ಕಂಪನಿಗಳು ಬಂದಿಳಿಯುತ್ತಿದ್ದ ಕಾಲವದು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ರಾಯಚೂರು ಜಿಲ್ಲೆಯವು. ತಗಡಿನ ಥೇಟರು ಎದ್ದು ನಿಂತ ಮರುದಿನವೇ ಮೈಕು ಕಟ್ಟಿದ ಟಾಂಗಾ ಓಣಿ ಓಣಿ ತಿರುಗುತ್ತಿತ್ತು. ಅದರಲ್ಲಿ ಕುಳಿತವನು ಕಲಾವಿದರ ಹೆಸರು ಕೂಗುತ್ತ ಬಂದು "ಹಂಪಾದೇವಿ ತಾವರಗೇರಾ" ಎಂದಾಗ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಮಾತು ನಿಲ್ಲಿಸಿ ಕೇಳುತ್ತಿದ್ದರು.

ಹಂಪಾದೇವಿ ಎಂಬುದು ಆಕೆಯೇ ಇಟ್ಟುಕೊಂಡ ಹೆಸರು. ತಾವರಗೇರಾ ಹತ್ತಿರದ ಸಣ್ಣ ಹಳ್ಳಿಯೊಂದರ ಒಕ್ಕಲು ಮನೆಯಲ್ಲಿ ಹುಟ್ಟಿದಾಗ ಗಂಡುಮಗು ಎಂದು ಸಕ್ಕರೆ ಹಂಚಿ ಓಬಳೆಪ್ಪ ಎಂದು ಕರೆದಿದ್ದರು. ಬುದ್ಧಿ ಬಂದಾಗಿನಿಂದ ತಾನು ಹೆಣ್ಣೆಂಬುದು ಆಕೆಗೆ ಗೊತ್ತಿತ್ತು, ಅದನ್ನು ಯಾರಿಗೆ ಹೇಗೆ ಹೇಳಬೇಕೆಂಬುದು ಗೊತ್ತಿರಲಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಸಾಲಿಗೇ ಹೋಗಿ ಕೂರುತ್ತಿದ್ದಳು. ಅಣ್ಣ ಕನಕಪ್ಪ ಬಾರುಕೋಲು ತೋರಿಸಿ ಎಬ್ಬಿಸುತ್ತಿದ್ದ.

ಒಂದು ವರ್ಷ ಊರಿನ ತರುಣರು ನಾಟಕ ಕಲಿಯಬೇಕೆಂದು ಟಿಪ್ಪುಸಾಬ ಎಂಬ ಹಾರ್ಮೋನಿಯಂ ಮಾಸ್ತರರನ್ನು ಕರೆಸಿದರು. ಹೊರಗಿನ ನಟಿಯರನ್ನು ಕರೆತರುವ ಶಕ್ತಿ ಅವರಿಗಿರಲಿಲ್ಲ. ನಾಯಕನ ಹೆಂಡತಿಯ ಪಾತ್ರ ಓಬಳೆಪ್ಪನ ಪಾಲಿಗೆ ಬಂತು. ತಾಲೀಮಿನ ಮೊದಲ ದಿನ ಸೀರೆ ಉಟ್ಟು ಬಂದವಳನ್ನು ಟಿಪ್ಪುಸಾಬ ಬಹಳ ಹೊತ್ತು ನೋಡಿದರು. ಎಲ್ಲರೂ ಚಹಾಕ್ಕೆ ಎದ್ದು ಹೋದ ಮೇಲೆ ಹತ್ತಿರ ಕರೆದು ಹೇಳಿದರು:

"ಬ್ಯಾರೆ ಹುಡುಗರು ಸೀರಿ ಉಟ್ಟಾಗ ಪಾರ್ಟು ಮಾಡ್ತಾರ. ನೀ ಧೋತರ ಉಟ್ಟಾಗ ಪಾರ್ಟು ಮಾಡ್ತಿ ಅನಸ್ತೈತಿ ನನಗ."

ಆಕೆ ಸೆರಗಿನ ತುದಿ ಕಚ್ಚಿಕೊಂಡಳು. ಕಣ್ಣೀರು ಬಂತು. ಟಿಪ್ಪುಸಾಬ ಪೇಟಿಯ ತಿದಿ ಒತ್ತಿ ಸ್ವರ ಹಿಡಿದರು.

ನಾಟಕ ಮುಗಿದರೂ ಆಕೆ ಬಳೆ ತೆಗೆಯಲಿಲ್ಲ. ಮೂರನೆಯ ದಿನ ಕನಕಪ್ಪ ಪಡಸಾಲೆಯಲ್ಲಿ ನಿಂತು, "ಈ ಮನಿಯಾಗ ಆ ಸೀರಿ ಇರಬೇಕು, ಇಲ್ಲಾ ನಾ ಇರಬೇಕು" ಎಂದ. ತಾಯಿ ಮಾರೆವ್ವ ಒಳಗೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಆಕೆ ಹೊರಗೆ ಬರಲಿಲ್ಲ, ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿರುವಿಕೆ ಅಣ್ಣನ ಮಾತಿಗಿಂತ ಹೆಚ್ಚು ನೋಯಿಸಿತು. ಅವತ್ತೇ ಆಕೆ ಕುಷ್ಟಗಿಯವರೆಗೆ ನಡೆದು, ಗಂಗಾವತಿಯ ಬಸ್ಸು ಹತ್ತಿದಳು. ಅದು ಎಪ್ಪತ್ಮೂರನೆಯ ಇಸವಿ.

ಗಂಗಾವತಿಯಲ್ಲಿ ಆಗ ದುರ್ಗಾಂಬಾ ನಾಟ್ಯ ಸಂಘದ ಕ್ಯಾಂಪು ನಡೆದಿತ್ತು. ಮಾಲೀಕ ಪಕೀರಪ್ಪ ಹಳೆಯ ಕಾಲದ ಮನುಷ್ಯ, ಗಂಡಸರೇ ಹೆಣ್ಣುಪಾತ್ರ ಮಾಡುತ್ತಿದ್ದ ದಿನಗಳಲ್ಲಿ ಬಣ್ಣ ಹಚ್ಚಿದವನು. ಟಿಪ್ಪುಸಾಬರ ಹೆಸರು ಕೇಳಿ ಒಂದು ಹಾಡು ಹಾಡಿಸಿದ. "ಹೆಸರೇನು?" ಎಂದು ಕೇಳಿದಾಗ ಆಕೆಯ ಬಾಯಿಗೆ ಬಂದದ್ದು ತಾಯಿಯ ತಾಯಿ ಹಂಪವ್ವನ ಹೆಸರು. ಪಕೀರಪ್ಪ ಅದಕ್ಕೆ ದೇವಿ ಸೇರಿಸಿ, ಊರನ್ನೂ ಅಂಟಿಸಿದ.

ಕೆಲಸವೇನೋ ಸಿಕ್ಕಿತು, ಮಲಗುವುದು ಎಲ್ಲಿ ಎಂಬುದು ತೊಡಕಾಯಿತು. ಗಂಡಸರ ಡೇರೆಯಲ್ಲಿ ಎರಡು ದಿನ ಕಣ್ಣು ಮುಚ್ಚದೆ ಕಳೆದಳು. ಹೆಂಗಸರ ಡೇರೆಯವರು ಒಲ್ಲೆ ಎಂದರು. ಆಗ ಎದ್ದು ನಿಂತವಳು ಜೋಹರಾಬಿ. ಕಂಪನಿಯ ಹಿರಿಯ ನಟಿ, ಬಾಯಿ ಜೋರು, ಎಲೆ ಅಡಿಕೆಯ ಚಟ.

"ನನ್ನ ಮಗ್ಗಲಕ್ಕ ಮಲಗ್ತಾಳ. ಯಾರಿಗೆ ಅಂಜಿಕಿ ಐತಿ, ಅವರು ನನ್ನ ಆ ಕಡೆ ಮಲಗ್ರಿ" ಎಂದಳು.

ಅಷ್ಟಕ್ಕೇ ಬಿಡದೆ, ಬಣ್ಣ ಮಾಸಿ ಮೂಲೆಗೆ ಬಿದ್ದಿದ್ದ ಉದ್ಯಾನವನದ ಪರದೆಯೊಂದನ್ನು ತಂದು ಡೇರೆಯಲ್ಲಿ ಅಡ್ಡ ಕಟ್ಟಿದಳು. ಕಾರಂಜಿ, ಗುಲಾಬಿ ಗಿಡ, ಎರಡು ನವಿಲು ಬರೆದಿದ್ದ ಆ ಪರದೆಯ ಹಿಂದೆ ಹಂಪಾದೇವಿ ತಿಂಗಳೊಪ್ಪತ್ತು ಮಲಗಿದಳು. ಆಮೇಲೆ ಒಂದು ದಿನ ಗಾಳಿ ಬರುವುದಿಲ್ಲವೆಂದು ಆ ಹೆಂಗಸರೇ ಪರದೆ ಬಿಚ್ಚಿ ಹಾಕಿದರು.

ಮುಂದಿನ ಏಳೆಂಟು ವರ್ಷ ಕಂಪನಿಯ ನಾಯಕಿಯ ಪಾತ್ರಗಳೆಲ್ಲ ಆಕೆಯವೇ. ಬೆಳಿಗ್ಗೆ ತಡವಾಗಿ ಏಳುವುದು, ಕಂಪನಿಯ ಅಡುಗೆಯ ದೊಡ್ಡ ಬೋಗುಣಿಯಿಂದ ಬಿಸಿ ಅನ್ನ, ಮಧ್ಯಾಹ್ನ ತಾಲೀಮು, ಸಂಜೆಯಾದರೆ ಕನ್ನಡಿಯ ಮುಂದೆ ಮುಖಕ್ಕೆ ಬಿಳಿ ಸಫೇದ ಬಳಿದುಕೊಳ್ಳುವುದು. ಆನೆಗೊಂದಿಯಿಂದ ಬಂಡಿ ಕಟ್ಟಿಕೊಂಡು ಬಂದವರು ರಂಗದ ಮುಂದಿನ ನೆಲದ ಮೇಲೆ ಚಾಪೆ ಹಾಸುತ್ತಿದ್ದರು, ಬಾಳೆಗೊನೆ ತಂದು ಕೊಡುತ್ತಿದ್ದರು. ಹಂಪಾದೇವಿ ಸೆರಗು ಹೊದ್ದ ರೀತಿಯನ್ನು ಗಂಗಾವತಿಯ ಹೊಸ ಸೊಸೆಯರು ಮನೆಯಲ್ಲಿ ಹೊದ್ದು ನೋಡುತ್ತಿದ್ದರಂತೆ. ಆಕೆ ಯಾರು, ಏನು ಎಂಬುದು ಬಹಳ ಜನಕ್ಕೆ ಗೊತ್ತಿತ್ತು. ಆಟ ಶುರುವಾದ ಮೇಲೆ ಆ ವಿಚಾರ ಯಾರಿಗೂ ನೆನಪಾಗುತ್ತಿರಲಿಲ್ಲ.

ಎಂಬತ್ತರಲ್ಲಿ ಪಕೀರಪ್ಪ ತೀರಿಕೊಂಡ. ಕಂಪನಿ ಮಗ ಹೇಮಪ್ಪನ ಕೈಗೆ ಬಂತು. ಹೇಮಪ್ಪ ಕೆಟ್ಟವನಲ್ಲ. ಊರಿಗೆರಡು ಟಾಕೀಸು ಆಗಿದ್ದವು, ಜನ ಕಡಿಮೆಯಾಗುತ್ತಿದ್ದರು, ಅವನಿಗೆ ಭಯ ಹಿಡಿದಿತ್ತು. ನಾಯಕಿಯ ಪಾತ್ರಕ್ಕೆ ಹುಬ್ಬಳ್ಳಿಯಿಂದ ಹೊಸ ಹುಡುಗಿಯನ್ನು ಕರೆತಂದ. ಹಂಪಾದೇವಿಯನ್ನು ಕರೆದು ಹೇಳಿದ:

"ನೀ ಹಾಸ್ಯದ ಪಾರ್ಟು ಮಾಡು ಹಂಪಕ್ಕ. ಸೀರಿ ಉಟ್ಕೊಂಡ ಬರೋದು, ನಡುವ ಗಂಡ ದನಿ ತಗದು ಮಾತಾಡೋದು. ಜನ ಬಿದ್ದು ಬಿದ್ದು ನಗ್ತಾರ."

"ಸೀರಿ ಉಡ್ತೀನಪಾ. ನಗಸಾಕ ಉಡಂಗಿಲ್ಲ" ಎಂದಳು ಆಕೆ.

"ಹಂಗಾರ ಏನ ಮಾಡ್ತಿ?"

"ಅವ್ವನ ಪಾರ್ಟು ಕೊಡು."

ಹೇಮಪ್ಪ ಬೇಸರದಿಂದಲೇ ಒಪ್ಪಿದ. ಮೂವತ್ತು ದಾಟಿದ್ದ ಹಂಪಾದೇವಿ ಕೂದಲಿಗೆ ಬಿಳಿ ಬಣ್ಣ ಹಚ್ಚಿ, ಮಾಸಿದ ಇಳಕಲ್ ಸೀರೆ ಉಟ್ಟು ಮುದುಕಿಯಾದಳು. ನಾಯಕಿಯ ರೇಷ್ಮೆ ಸೀರೆಗಳನ್ನು ಮಡಚಿ ಹೊಸ ಹುಡುಗಿಗೆ ಕೊಟ್ಟ ದಿನ ಊಟ ಮಾಡಲಿಲ್ಲ ಎಂದು ಜೋಹರಾಬಿ ಹೇಳುತ್ತಿದ್ದಳು.

ಮರುವರ್ಷ ಯಲಬುರ್ಗಾದಲ್ಲಿ ಕ್ಯಾಂಪು. ಆ ನಾಟಕದಲ್ಲಿ ಮಗನನ್ನು ಪೊಲೀಸರು ಹಿಡಿದೊಯ್ಯುತ್ತಾರೆ, ತಾಯಿ ಹೊಸ್ತಿಲಲ್ಲಿ ಕುಸಿದು ಎದೆ ಬಡಿದುಕೊಂಡು ಅಳುತ್ತಾಳೆ. ಚಪ್ಪಾಳೆ ಬೀಳುತ್ತಿದ್ದ ದೃಶ್ಯ. ಒಂದು ಬೆಳಿಗ್ಗೆ ಹಂಪಾದೇವಿ ಡೇರೆಯ ಹೊರಗೆ ಸೀರೆ ಒಣಹಾಕುತ್ತಿದ್ದಾಗ ಮುದುಕಿಯೊಬ್ಬಳು ದೂರದಲ್ಲಿ ನಿಂತಿರುವುದು ಕಂಡಿತು. ಮಾರೆವ್ವ. ಯಲಬುರ್ಗಾದಲ್ಲಿ ತಂಗಿಯ ಮನೆಗೆ ಬಂದವಳು, ಹಿಂದಿನ ಸಂಜೆ ತಂಗಿಯ ಜೊತೆ ನಾಟಕ ನೋಡಿದ್ದಳು.

ಎಂಟು ವರ್ಷಗಳ ಮೇಲೆ ಎದುರಾದ ತಾಯಿಗೆ ಕೂರಲು ಜೋಹರಾಬಿ ಚಾಪೆ ಹಾಸಿದಳು. ಮಾರೆವ್ವ ಕೂರಲಿಲ್ಲ.

"ನಿನ್ನಿ ನನ್ನ ಆಡಿ ತೋರಿಸಿದೆಲ್ಲಾ" ಎಂದಳು. "ನಡ ಹಿಡಕೊಂಡ ಏಳೋದು, ಸೆರಗ ಕಚ್ಚೋದು, ಎಲ್ಲಾ ನಂದ."

"ನನಗ ಬ್ಯಾರೆ ಅವ್ವ ಯಾರ ಗೊತ್ತವ್ವ?" ಎಂದಳು ಹಂಪಾದೇವಿ. "ಸಿಟ್ಟ ಬಂತೇನು?"

ಮಾರೆವ್ವ ಒಣಹಾಕಿದ ಸೀರೆಯ ಅಂಚು ಹಿಡಿದು ಸರಿಪಡಿಸಿದಳು.

"ಅಳೋದ ತಪ್ಪೈತಿ" ಎಂದಳು. "ನಾ ಹಂಗ ಎದಿ ಬಡಕೊಂಡ ಅಳಾಕಿ ಅಲ್ಲ. ನೀ ಹ್ವಾದ ದಿನಾ ಜ್ವಾಳ ಹಸನ ಮಾಡಾಕತ್ತಿದ್ದೆ. ಅಳು ಬಂತು. ಕೈ ನಿಂದರಿಸಲಿಲ್ಲ. ಕೈ ನಿಂತಿದ್ರ ಕನಕಪ್ಪಗ ಗೊತ್ತಾಗತಿತ್ತು."

ಹಂಪಾದೇವಿ ತಾಯಿಯ ಕಾಲ ಬಳಿ ಕುಳಿತುಬಿಟ್ಟಳು. ಜೋಹರಾಬಿ ಚಹಾ ತಂದಳು. ಮೂವರೂ ಕುಡಿದರು, ಮಳೆ ಬೆಳೆಯ ಮಾತಾಡಿದರು. ಹೊರಡುವಾಗ ಮಾರೆವ್ವ, "ಬರ್ತೀನವಾ, ಮೈ ನೋಡ್ಕೋ" ಎಂದಳು. ನಮ್ಮ ಕಡೆ ಗಂಡುಮಗನಿಗೆ "ಬರ್ತೀನಪಾ" ಎನ್ನುತ್ತಾರೆ. ತಾಯಿ ಥೇಟರಿನ ಬೇಲಿ ದಾಟುವವರೆಗೂ ಹಂಪಾದೇವಿ ಹಾಗೆಯೇ ನಿಂತಿದ್ದಳು.

ಆ ಸಂಜೆ ಆಕೆ ಅಡುಗೆಯವರ ಹತ್ತಿರ ಮೊರ ಮತ್ತು ಎರಡು ಬೊಗಸೆ ಜೋಳ ಬೇಡಿ ತಂದಳು. ಪೊಲೀಸರು ಮಗನನ್ನು ಎಳೆದೊಯ್ದ ಮೇಲೆ ಎದೆ ಬಡಿದುಕೊಳ್ಳಲಿಲ್ಲ. ಮೊರ ಎತ್ತಿಕೊಂಡು ಕೇರತೊಡಗಿದಳು. ಪೇಟಿ ನುಡಿಸುವವನು ಎಲ್ಲಿ ಸ್ವರ ಹಿಡಿಯಬೇಕೆಂದು ತಿಳಿಯದೆ ಕೈ ತೆಗೆದ. ಥೇಟರಿನಲ್ಲಿ ಜೋಳ ಹಾರಿ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಆಕೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ. ಚಪ್ಪಾಳೆ ಬೀಳಲಿಲ್ಲ. ಹೆಂಗಸರ ಕಡೆಯಿಂದ ಮೂಗು ಏರಿಸುವ ಸದ್ದು ಎದ್ದಿತು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಹೇಮಪ್ಪ ಹೊರಗೆ ಹೋಗಿ ನಿಂತನಂತೆ.

ಕೊಪ್ಪಳದ ಕ್ಯಾಂಪಿನ ಹೊತ್ತಿಗೆ ಜನ "ಜ್ವಾಳ ಕೇರೋ ನಾಟಕ" ಎಂದೇ ಅದನ್ನು ಕರೆಯುತ್ತಿದ್ದರು. ಮಾರೆವ್ವ ಹತ್ತಿರದ ಊರಲ್ಲಿ ಕ್ಯಾಂಪು ಬಿದ್ದಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಕನಕಪ್ಪ ಒಮ್ಮೆಯೂ ಬರಲಿಲ್ಲ.

ಆದರೂ ಕಂಪನಿ ಉಳಿಯಲಿಲ್ಲ. ಟೀವಿ ಬಂತು, ವಿಡಿಯೋ ಬಂತು. ಎಂಬತ್ತೇಳರಲ್ಲಿ ಕುಷ್ಟಗಿಯಲ್ಲಿ ಥೇಟರಿನ ತಗಡು ಬಿಚ್ಚಿ ಲಾರಿಗೆ ಹೇರಿದರು. ಹಂಪಾದೇವಿ ಮತ್ತು ಜೋಹರಾಬಿ ಅಲ್ಲೇ ಬಸ್ ನಿಲ್ದಾಣದ ಹಿಂದೆ ಒಂದು ಖೋಲಿ ಹಿಡಿದರು. ಹಳ್ಳಿಯ ಹುಡುಗರು ಆಡುವ ನಾಟಕಗಳಲ್ಲಿ ಪಾತ್ರ ಮಾಡಲು ಕರೆ ಬರುತ್ತಿತ್ತು. ಇಬ್ಬರೂ ಟ್ರಂಕು ಹೊತ್ತು ಬಸ್ಸು ಹತ್ತುತ್ತಿದ್ದರು.

ಅಂಥ ಒಂದು ಹಳ್ಳಿಯಲ್ಲಿ ಆಟದ ಮುಂಚೆ ಊಟಕ್ಕೆ ಕರೆದಿದ್ದ ಮನೆಯ ಹಿರಿಯಾಕೆ ಮುದುಕಮ್ಮ, ಇಬ್ಬರನ್ನೂ ಅಡುಗೆಮನೆಯೊಳಗೇ ಕೂರಿಸಿ ಬಡಿಸುತ್ತ, "ಮಕ್ಕಳೆಷ್ಟವ್ವ ನಿನಗ?" ಎಂದು ಹಂಪಾದೇವಿಯನ್ನು ಕೇಳಿದಳು.

ಜೋಹರಾಬಿ ತುತ್ತು ನಿಲ್ಲಿಸಿ ನೋಡಿದಳು.

"ಒಂದೊಂದ ಊರಾಗ ಒಂದೊಂದ ಹುಟ್ತಾವ್ರಿ ಯವ್ವಾ" ಎಂದಳು ಹಂಪಾದೇವಿ. "ನಾಟಕ ಮುಗದ ಮ್ಯಾಲ ಅವರವರ ಮನಿಗೆ ಹೋಗಿಬಿಡ್ತಾವ."

ಮುದುಕಮ್ಮ ನಕ್ಕು, "ಹಂಗಾರ ಉಣ್ಣು, ಶಕ್ತಿ ಬೇಕಲ್ಲ" ಎಂದು ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.