ಲೆಯೊಂತಿನಾ ಡಾಕ್ಟರು ಸೌಟು ಹಿಡಿದ ದಿನ

ಪ್ರೂತ್ ನದಿಯ ದಂಡೆಯ ನಮ್ಮೂರಿನಲ್ಲಿ ಲೆಯೊಂತಿನಾ ಡಾಕ್ಟರ ಮಾತಿಗೆ ಎದುರಾಡುವವರಿರಲಿಲ್ಲ. ಆದರೆ ಗರ್ಭಕಂಠದ ಕ್ಯಾನ್ಸರ್ ಬಾರದಂತೆ ಹೆಣ್ಣುಮಕ್ಕಳಿಗೆ ಕೊಡುವ ಎಚ್‌ಪಿವಿ ಲಸಿಕೆ ಬಂದಾಗ ಊರು ಅವರಿಗೂ ಬೆನ್ನು ತಿರುಗಿಸಿತು. ಆಸ್ಪತ್ರೆಗೆ ಕರೆದು ಹೇಳಿದರೆ ತಾಯಂದಿರು ತಲೆಯಾಡಿಸಿ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ನೆರೆಹೊರೆಯ ಹೆಂಗಸರೆಲ್ಲ ಸೇರಿ ನಮ್ಮ ಅಂಗಳದಲ್ಲಿ ಪ್ಲಮ್ ಹಣ್ಣಿನ ಜಾಮ್ ಕುದಿಸುತ್ತಿದ್ದೆವು. ಕಲಕುವುದನ್ನು ಬಿಟ್ಟು ಯಾರೂ ಏಳುವಂತಿಲ್ಲ. ಅದನ್ನು ಬಲ್ಲ ಡಾಕ್ಟರು ಕರೆಯದೆ ಬಂದು, ನನ್ನ ಕೈಯಿಂದ ಮರದ ಸೌಟು ತೆಗೆದುಕೊಂಡರು.

“ಲಸಿಕೆ ಬಗ್ಗೆ ಏನೇನ್ ಕೇಳಿದೀರಿ? ಹೇಳ್ರಮ್ಮ, ಬೈಯೋದಿಲ್ಲ.”

“ಬಂಜೆ ಆಗ್ತಾರಂತಲ್ಲ?” ಎಂದಳು ಮುದುಕಿ ತುದೋಸಿಯಾ.

“ಇಲ್ಲ ಅಜ್ಜಿ. ಲೋಕದಲ್ಲಿ ಕೋಟಿಗಟ್ಲೆ ಹುಡುಗೀರಿಗೆ ಕೊಟ್ಟು ವರ್ಷಗಟ್ಲೆ ನೋಡಿದಾರೆ. ತೋಳು ನೋಯತ್ತೆ. ಕೆಲವ್ರಿಗೆ ತಲೆ ಸುತ್ತತ್ತೆ, ಅದಕ್ಕೇ ಸ್ವಲ್ಪ ಹೊತ್ತು ಕೂರಿಸ್ಕೋತೀನಿ.”

ಪಕ್ಕದ ಮನೆಯ ಸವೇತಾ ನಡುವೆ ಬಾಯಿ ಹಾಕಿದಳು. “ನಮ್ಮ ಇಲಿಂಕಾ ಇನ್ನೂ ಮಗು. ಈಗ್ಲೇ ಯಾಕೆ?”

“ಈ ಕ್ಯಾನ್ಸರ್ ತರೋ ವೈರಸ್ ಗಂಡು-ಹೆಣ್ಣು ಕೂಡಿದಾಗ ಹರಡತ್ತೆ. ಬೇಲಿ ಹಾಕೋದು ದನ ನುಗ್ಗೋ ಮುಂಚೆನೋ, ಮೇದ್ಮೇಲೋ?”

“ಧೈರ್ಯ ಬಂದು ಹುಡುಗಿ ದಾರಿ ತಪ್ಪಿದ್ರೆ?”

“ಧನುರ್ವಾಯು ಇಂಜೆಕ್ಷನ್ ತಗೊಂಡೋರು ಮೊಳೆ ಹುಡುಕ್ಕೊಂಡ್ ಹೋಗಿ ತುಳೀತಾರೇನೆ ಸವೇತಾ?”

ತುದೋಸಿಯಾ ನಕ್ಕ ನಗೆಗೆ ತಲೆವಸ್ತ್ರ ಜಾರಿತು. “ಡಾಕ್ಟ್ರೇ, ಮಾತಾಡ್ತಾ ತಳ ಹಿಡಿಸ್ಬೇಡಿ!”

ಮುಂದಿನ ವಾರ ಸವೇತಾ ಮಗಳನ್ನು ಕರೆದೊಯ್ದಳು. ಜೊತೆಗೆ ನಾನೂ ಹೋದೆ. ಡಾಕ್ಟರು ಮೊದಲು ಹುಡುಗಿಯ ಕಡೆ ತಿರುಗಿದರು.

“ನಿಂಗೇನಾದ್ರೂ ಕೇಳೋದಿದ್ಯಾ ಮರಿ?”

“ನೋವಾಗತ್ತಾ?”

“ಆಗತ್ತೆ. ಆದ್ರೆ ಕಣಜ ಕಚ್ಚಿದಷ್ಟಿಲ್ಲ.”

ಇಲಿಂಕಾ ಕಣ್ಣು ಮುಚ್ಚಿ ತೋಳು ಕೊಟ್ಟಳು. ಅದು ಮುಗಿದೊಡನೆ ಡಾಕ್ಟರು ತಾಯಿಯನ್ನು ಕೇಳಿದರು: “ಮಗಳದ್ದಾಯ್ತು. ನೀನು ಗರ್ಭಕಂಠದ ಪರೀಕ್ಷೆ ಮಾಡಿಸ್ಕೊಂಡು ಎಷ್ಟು ಕಾಲ ಆಯ್ತು?”

“ನಂಗೇನಾಗಿದೆ?”

“ಅದನ್ನ ನೋಡೋಕೇ ಕೇಳಿದ್ದು.”

ಸವೇತಾ ಗೊಣಗುತ್ತಲೇ ಒಪ್ಪಿದಳು. ಫಲಿತಾಂಶ ಬಂದಾಗ ಗರ್ಭಕಂಠದ ಜೀವಕೋಶಗಳು ಕೆಡತೊಡಗಿದ್ದು ತಿಳಿಯಿತು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು. ಸವೇತಾ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಯಾಶ್ ನಗರದ ಆಸ್ಪತ್ರೆಗೆ ಡಾಕ್ಟರೇ ಜೊತೆಗೆ ಹೋದರು. ಅಲ್ಲಿನವರು ಕೆಟ್ಟ ಭಾಗವನ್ನು ತೆಗೆದು ಅದೇ ಸಂಜೆ ಮನೆಗೆ ಕಳಿಸಿದರು. ಆಮೇಲಿನ ಪರೀಕ್ಷೆಗಳಲ್ಲೆಲ್ಲ ಏನೂ ಕಾಣಲಿಲ್ಲ.

ಈಗ ಬ್ರೆಡ್ ಅಂಗಡಿಯ ಮುಂದೆ ಸವೇತಾ ಸಿಕ್ಕರೆ ಯಾರಿಗೂ ಬಿಡುಗಡೆಯಿಲ್ಲ. ಮೊನ್ನೆ ನನ್ನನ್ನೇ ಹಿಡಿದಳು. “ಗಂಡುಮಕ್ಳಿಗೂ ಆ ವೈರಸ್ ಬರತ್ತಂತೆ, ಅವ್ರಿಗೂ ಲಸಿಕೆ ಕೊಡ್ತಾರಂತೆ ಕಣೇ. ನಿನ್ನ ಮಗ ಎಲ್ಲಿ?”

ಮರುದಿನವೇ ಅವನನ್ನು ಕರೆದೊಯ್ದೆ.