ಡ್ರಮ್ಮಿನ ಸೈರನ್

ಉರ್ವದ ಶಶಿಪ್ರಭಾ ಬೈಕಂಪಾಡಿಯ ಬಣ್ಣದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದಳು. ಮೆಲುದನಿಯವಳು. ಬಸ್ಸಿನಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿದರೆ ಟೈಪಿಂಗ್ ಎಂದು ಹೇಳಿ ಕಿಟಕಿಯಾಚೆ ನೋಡುವಳು. ೧೯೮೮ರಲ್ಲಿ ಅಷ್ಟು ಹೇಳಿದರೆ ಸಾಕಿತ್ತು.

ಆ ವರ್ಷ ಬಣ್ಣ ಕಲಸುವ ದೊಡ್ಡ ಡ್ರಮ್ಮಿನೊಳಗೆ ಕೆಲಸಗಾರ ಅಣ್ಣು ಸತ್ತ. ಡ್ರಮ್ ತಿರುಗುವ ಮುನ್ನ ಎಚ್ಚರಿಸಲು ಹತ್ತು ಸೆಕೆಂಡು ಸೈರನ್ ಕೂಗುತ್ತಿತ್ತು. ತೊಳೆಯಲು ಇಳಿದಿದ್ದವನು ಸೈರನ್ ಕೇಳಿ ಹೊರಬರುವ ಮೊದಲೇ ಡ್ರಮ್ ತಿರುಗಿತ್ತು. ಇನ್ನು ಮುಂದೆ ಹತ್ತು ಸೆಕೆಂಡಲ್ಲ, ಅರ್ಧ ನಿಮಿಷ ಕೂಗಲಿ ಎಂದು ಶಶಿಪ್ರಭಾ ಪ್ರೋಗ್ರಾಮಿನಲ್ಲಿ ಅಂಕಿ ತಿದ್ದಿದಳು.

ಮರುದಿನ ಖಾಲಿ ಡ್ರಮ್ಮಿನ ಪರೀಕ್ಷೆ. ಕಂಪ್ಯೂಟರ್ ಪರದೆಯ ಎಣಿಕೆ ಮೂವತ್ತರಿಂದ ಇಳಿಯತೊಡಗಿತು. ಇಪ್ಪತ್ತಕ್ಕೆ ಬಂದಾಗ ಸೈರನ್ ನಿಂತು ಡ್ರಮ್ ತಿರುಗಿತು. ಪರದೆ ಮಾತ್ರ ಎಣಿಸುತ್ತಲೇ ಇತ್ತು, ಒಳಗೆ ಯಾರಿಗೋ ಇನ್ನೂ ಸಮಯವಿದೆ ಎಂಬಂತೆ.

“ಅಣ್ಣು ಬಿಡುವುದಿಲ್ಲ,” ಎಂದ ಬಶೀರ್. ಅಣ್ಣುವಿನ ಕೆಲಸ ಈಗ ಅವನದು. “ನಾನು ಇಳಿಯುವುದಿಲ್ಲ ಸಾರ್.”

“ಭೂತಕ್ಕೂ ಕಂಪ್ಯೂಟರ್ ಬರ್ತದಾ ಮಾರಾಯ?” ಸೂಪರ್‌ವೈಸರ್ ಮೋಹನದಾಸ ನಕ್ಕ. “ಸಂಜೆಯೊಳಗೆ ಇಳಿಯದಿದ್ದರೆ ನಾಳೆ ಗೇಟಿನ ಹೊರಗೇ ನಿಲ್ಲು.”

ಶಶಿಪ್ರಭಾ ತಿದ್ದಿದ ಬರಹದಿಂದ ಪ್ರೋಗ್ರಾಮನ್ನು ಮತ್ತೆ ಕಟ್ಟಲು ಕಂಪ್ಯೂಟರಿಗೆ ಹೇಳಿದಳು. ಎಲ್ಲವೂ ಸರಿಯಿದೆ, ಕಟ್ಟುವುದೇನೂ ಇಲ್ಲ ಎಂದಿತು ಅದು. ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಯಾವುದು ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕೆಂಬ ನಿಯಮಗಳನ್ನು ತೆರೆದು ಓದಿದಳು. ಅವಳು ತಿದ್ದಿದ ಅಂಕಿಯನ್ನು ಪರದೆಯ ಭಾಗವೂ ಸೈರನ್ನಿನ ಭಾಗವೂ ಬಳಸುತ್ತಿದ್ದವು. ಪರದೆಯ ನಿಯಮದಲ್ಲಿ ಆ ಅಂಕಿಯ ಕಡತದ ಹೆಸರಿತ್ತು. ಸೈರನ್ನಿನ ನಿಯಮದಲ್ಲಿ ಬಿಟ್ಟುಹೋಗಿತ್ತು. ಹಾಗಾಗಿ ಆ ಭಾಗ ಹಳೆಯದೇ ಉಳಿದಿತ್ತು. ಅದನ್ನು ಕಟ್ಟಿದ ದಿನ ಅಣ್ಣು ಬದುಕಿದ್ದ. ಅದರ ಮಟ್ಟಿಗೆ ಈಗಲೂ ಏನೂ ನಡೆದಿರಲಿಲ್ಲ.

ಹೆಸರು ಸೇರಿಸಿ ಕಟ್ಟಿದಳು. ಖಾಲಿ ಡ್ರಮ್ಮಿಗೆ ಸೈರನ್ ಪೂರ್ತಿ ಅರ್ಧ ನಿಮಿಷ ಕೂಗಿತು.

“ಖಾಲಿ ಇರುವಾಗ ಸರಿ ಅಕ್ಕ,” ಎಂದ ಬಶೀರ್. “ಒಳಗೆ ಜನ ಇದ್ದರೆ ಎಂತ ಮಾಡ್ತದೋ?”

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಮೋಹನದಾಸ “ಬೇಡ, ಬೇಡ” ಎನ್ನುತ್ತಿರುವಾಗಲೇ ಬಾಗಿ ಒಳಗೆ ಇಳಿದಳು. ಒಣಗಿದ ನೀಲಿ ಬಣ್ಣದ ಮೇಲೆ ಬೆರಳುಗಳು ಗೀಚಿದ ಗುರುತು. “ಗುಂಡಿ ಒತ್ತಿ,” ಎಂದಳು ಒಳಗಿನಿಂದ. ಸೈರನ್ ಕೂಗಿತು. ಅವಳು ಡ್ರಮ್ಮಿನ ಬಾಯಿಯತ್ತ ತೆವಳಿದಳು; ಕಾಲು ಜಾರಿತು. ಮೊದಲು ಸದ್ದು ನಿಲ್ಲುತ್ತಿದ್ದ ಹೊತ್ತಿಗೆ ಸರಿಯಾಗಿ ಬಶೀರ್ ಒಳಗೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದು ಎಳೆದ.

ಇಬ್ಬರೂ ಹೊರಗೆ ನಿಂತರು. ಸೈರನ್ ಇನ್ನೂ ಕೂಗುತ್ತಿತ್ತು. ಅದು ನಿಂತು, ಡ್ರಮ್ ಮೆಲ್ಲನೆ ತಿರುಗಿದಾಗಲೂ ಅವನು ಅವಳ ಕೈ ಬಿಟ್ಟಿರಲಿಲ್ಲ.

ಡ್ರಮ್ ನಿಂತಿತು. ಬಶೀರ್ ಒಳಗೆ ಇಳಿಯಲು ಚಪ್ಪಲಿ ಕಳಚಿದ.