ದೊಡ್ಡಮ್ಮನ ಬೆರಳಿಗೆ ಗೊತ್ತಿದ್ದ ನಂಬರುಗಳು

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಕೋಳಿಯಮ್ಮ. ಎದುರಿಗೇ ಹಾಗೆ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಬೆಳಕು ಹರಿಯುವ ಮೊದಲು ಫೋನ್ ಮಾಡಿ ಜನರನ್ನು ಎಬ್ಬಿಸುವುದು ಅವಳ ಕೆಲಸ. ಮೊದಲ ಬಸ್ಸಿನ ಡ್ರೈವರ್, ಬೇಕರಿಯವನು, ಆಸ್ಪತ್ರೆಯ ನರ್ಸು, ಹಾಲಿನ ವ್ಯಾನಿನವನು, ಹೀಗೆ ಒಂದು ಸಾಲು ಜನ ಅವಳ ದನಿ ಕೇಳದೆ ಕಣ್ಣು ಬಿಡುವುದಿಲ್ಲ. ಅಲಾರಂ ಇಟ್ಟುಕೊಳ್ಳಬಾರದೇ ಎಂದು ಕೇಳಿದರೆ, ಅಲಾರಂ ತಲೆಗೆ ಒಂದು ಏಟು ಕೊಟ್ಟರೆ ಸುಮ್ಮನಾಗುತ್ತದೆ, ಕೋಳಿಯಮ್ಮ ಆಗುವುದಿಲ್ಲ ಎನ್ನುತ್ತಾರೆ.

ಇದರಲ್ಲಿ ತಮಾಷೆಯೆಂದರೆ, ದೊಡ್ಡಪ್ಪನದು ಗಡಿಯಾರ ರಿಪೇರಿ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತು, ಸತ್ತ ಅಲಾರಂ ಗಡಿಯಾರಗಳಿಗೆ ಜೀವ ಕೊಡುತ್ತಾರೆ. ನಡುವೆ ಒಂದು ಪರದೆ. ಪರದೆಯ ಆಚೆ ದೊಡ್ಡಮ್ಮನ ಫೋನು.

"ನಾನಿಲ್ಲಿ ಕಷ್ಟಪಟ್ಟು ಒಂದು ಅಲಾರಂ ಕೂಗೋ ಹಾಗೆ ಮಾಡ್ತೀನಿ, ಇವಳು ಅಲ್ಲಿ ಊರಿಗೆಲ್ಲ ಅದು ಬೇಡ ಅನ್ಸಿಬಿಡ್ತಾಳೆ" ಎಂದು ದೊಡ್ಡಪ್ಪ ಗೊಣಗುತ್ತಾರೆ.

"ನಿಮ್ಮ ಗಡಿಯಾರಕ್ಕೆ ಬೈಯೋಕೆ ಬರತ್ತಾ?" ಎನ್ನುತ್ತಾಳೆ ದೊಡ್ಡಮ್ಮ.

ಬೈಗುಳವೇ ಅವಳ ಬಂಡವಾಳ, ಆದರೆ ಎಲ್ಲರಿಗೂ ಒಂದೇ ಬೈಗುಳವಲ್ಲ. ಬೇಕರಿಯವನಿಗೆ ಜಗಳ ಬೇಕು. ನಿನ್ನೆಯ ಬನ್ನು ಕಲ್ಲಾಗಿತ್ತು ಎಂದರೆ ಸಾಕು, ಸುಳ್ಳಾದರೂ ಸರಿ, ಹಾಸಿಗೆಯ ಮೇಲೆ ಎದ್ದು ಕೂತು ವಾದಕ್ಕೆ ಇಳಿಯುತ್ತಾನೆ. ನರ್ಸಿಗೆ ಒಂದು ಒಗಟು ಹೇಳಬೇಕು. ಡ್ರೈವರ್ ಮಾತ್ರ ಕುಂಭಕರ್ಣನ ಖಾಸಾ ತಮ್ಮ. "ಹೂಂ, ಎದ್ದೆ" ಎಂದು ನಿದ್ದೆಯಲ್ಲೇ ಹೇಳಬಲ್ಲವನು. ಅವನಿಗೆ ಒಂದೇ ಮದ್ದು. "ಏಳೋ, ಬಸ್ ಹೊರಟ್ಹೋಯ್ತು!" ಎಂದು ಕಿರುಚಿ ಫೋನ್ ಇಟ್ಟುಬಿಡಬೇಕು.

ಫೋನು ಹಳೆಯದು, ಕಪ್ಪು, ಕುಂಬಳಕಾಯಿಯಷ್ಟು ಭಾರ. ಬೆರಳಿಟ್ಟು ತಿರುಗಿಸುವ ಡಯಲ್ಲಿನದು. ದೊಡ್ಡಮ್ಮ ಯಾರ ನಂಬರನ್ನೂ ಬರೆದಿಟ್ಟಿಲ್ಲ, ಬಾಯಲ್ಲಿ ಹೇಳೆಂದರೆ ಹೇಳಲೂ ಬಾರದು. ಅವೆಲ್ಲ ಇರುವುದು ಅವಳ ತೋರುಬೆರಳಿನಲ್ಲಿ. ಒಮ್ಮೆ ಬಟನ್ ಫೋನ್ ಕೈಗೆ ಕೊಟ್ಟು, "ಡ್ರೈವರ್ ನಂಬರ್ ಒತ್ತು ದೊಡ್ಡಮ್ಮ" ಎಂದರೆ ಗಾಳಿಯಲ್ಲಿ ಸುರುಳಿ ಸುತ್ತಿ ತೋರಿಸಿದಳು.

"ಹೀಗೆ ದೊಡ್ಡ ಸುತ್ತು, ಆಮೇಲೆ ಸಣ್ಣದು, ಆಮೇಲೆ ಮತ್ತೆ ದೊಡ್ಡದು."

ಸರಿ, ಅವಳು ತಿರುಗಿಸುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಯಾರಾದರೂ ನೋಡುತ್ತಿದ್ದರೆ ಬೆರಳು ದಾರಿ ತಪ್ಪುತ್ತದೆ. "ನೋಡ್ಬೇಡ್ರೋ, ಅದು ನಾಚ್ಕೊಳ್ಳತ್ತೆ" ಎಂದು ನಮ್ಮನ್ನು ಓಡಿಸಿದಳು.

ಹೀಗಿರುವಾಗ ಫೋನ್ ಕಂಪನಿಯವನು ಬಂದ. ಹಳೆಯ ತಂತಿಗಳನ್ನೆಲ್ಲ ತೆಗೆಯುತ್ತಾರಂತೆ. "ನಂಬರ್ ಇದೇ ಇರತ್ತಮ್ಮ, ಫೋನೂ ಇದೇ ಇರ್ಲಿ. ಇನ್ಮೇಲೆ ಮಾತು ಇಂಟರ್ನೆಟ್ಟಲ್ಲಿ ಹೋಗತ್ತೆ. ಮಧ್ಯೆ ಒಂದು ಅಡಾಪ್ಟರ್ ಹಾಕ್ಕೊಳ್ಳಿ, ಅಷ್ಟೆ" ಎಂದು ಹೇಳಿ, ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಇದ್ದ ಚೀಟಿ ಕೊಟ್ಟು ಹೋದ.

ಅಡಾಪ್ಟರ್ ಆರಿಸುವ ಜವಾಬ್ದಾರಿ ದೊಡ್ಡಪ್ಪ ಹೊತ್ತರು. ಕೈಗಡಿಯಾರಕ್ಕೆ ಪಟ್ಟಿ ತರುವಾಗ ಹಳೆಯ ಪಟ್ಟಿಯ ತುಂಡು ಒಯ್ದು ಹೊಂದಿಸಿ ನೋಡುವುದು ಅವರ ಅಭ್ಯಾಸ. ಇಲ್ಲಿಯೂ ಹಾಗೆಯೇ ಮಾಡಿದರು. ಫೋನನ್ನು ಮನೆಯಲ್ಲೇ ಬಿಟ್ಟು, ಅದರ ತಂತಿಯೊಂದನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದ ಎದುರಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಯಾವ ಡಬ್ಬಿಯ ತೂತಿಗೆ ಪಿನ್ನು ಚಟಕ್ಕೆಂದು ಕೂತಿತೋ ಅದನ್ನು ತಂದರು.

ತಂತಿ ಕಟ್ಟಾಗುವ ದಿನ ಬೆಳಗಿನ ಫೋನುಗಳು ಮುಗಿದ ಕೂಡಲೇ ನಾವು ಕೂತೆವು. ಗೋಡೆಯ ಪಿನ್ನು ತೆಗೆದೆವು. ಹಳೆಯ ಲೈನಿಗೂ ಅಡಾಪ್ಟರಿಗೂ ಸಂಬಂಧವೇ ಇರಕೂಡದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಮನೆಯ ಇಂಟರ್ನೆಟ್ ರೌಟರಿನಿಂದ ಒಂದು ಕೇಬಲ್ ಅಡಾಪ್ಟರಿಗೆ, ಅಡಾಪ್ಟರಿನಿಂದ ಫೋನಿಗೆ. ಚೀಟಿಯಲ್ಲಿದ್ದುದನ್ನು ಒಂದೊಂದೇ ಅಕ್ಷರ ಟೈಪ್ ಮಾಡಿದ್ದಾಯಿತು. ಕೆಂಪು ದೀಪ ಮಿಣುಕಿ ಮಿಣುಕಿ ಹಸಿರಾಯಿತು. ಮೊಬೈಲಿನಿಂದ ನಮ್ಮ ನಂಬರಿಗೆ ಮಾಡಿ ನೋಡಿದೆವು. ಟ್ರಿಣ್ ಟ್ರಿಣ್ ಎಂದು ಮನೆ ನಡುಗುವ ಹಾಗೆ ಬಡಿಯಿತು! ದೊಡ್ಡಮ್ಮ ದೊಡ್ಡಪ್ಪನ ಕೈ ಹಿಡಿದು ಒಂದು ಸುತ್ತು ತಿರುಗಿಯೇಬಿಟ್ಟಳು. ಮಸೂರ ಹಾರಿ ಸೋಫಾದ ಅಡಿಗೆ ಹೋಯಿತು.

ಆಮೇಲೆ ಅವಳು ನಮ್ಮನ್ನೆಲ್ಲ ಆಚೆ ಕಳಿಸಿ ಡಯಲ್ ತಿರುಗಿಸಿದಳು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಹಾಗೇ ಇತ್ತು. ಮತ್ತೆ ತಿರುಗಿಸಿದಳು. ಗುಂಯ್. ಫೋನ್ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ.

ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು.

"ಒಂದಿನ ತಾನೇ, ನಾಳೆ ಅವರೇ ಎದ್ಕೋತಾರೆ ಬಿಡು" ಎಂದರು ದೊಡ್ಡಪ್ಪ, ಸಮಾಧಾನ ಮಾಡಲು.

"ಅದೇ ರೀ ನನ್ನ ಭಯ! ಎದ್ದುಬಿಟ್ರೆ? ನಾನಿಲ್ದೇನೇ ಎದ್ದುಬಿಟ್ರೆ? ಆಮೇಲೆ ಕೋಳಿಯಮ್ಮ ಯಾಕೆ ಬೇಕು ಅವರಿಗೆ?"

ದೊಡ್ಡಪ್ಪ ಚಪ್ಪಲಿ ಮೆಟ್ಟಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಅಡಾಪ್ಟರ್ ಅವರ ಕೈಯಲ್ಲಿ, ಫೋನು ದೊಡ್ಡಮ್ಮನ ಕಂಕುಳಲ್ಲಿ, ಚೀಟಿ ನನ್ನ ಕೈಯಲ್ಲಿ, ಮೂವರೂ ಅಂಗಡಿಗೆ ನಡೆದೆವು.

ಅಂಗಡಿಯವನು ಫೋನ್ ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ ಯಜಮಾನ್ರೇ, ಮದುಮಗನ್ನ ಬಿಟ್ಟು ಬರೀ ಚಪ್ಪಲಿ ಅಳತೆ ತಂದು ಹೆಣ್ಣು ಒಪ್ಕೊಂಡ ಹಾಗಾಯ್ತಲ್ಲ! ಈ ಅಡಾಪ್ಟರಿಗೆ ಬಟನ್ ಒತ್ತಿದ್ರೆ ಬರೋ ಪೀಂ ಪೀಂ ಮಾತ್ರ ಅರ್ಥ ಆಗತ್ತೆ. ಡಯಲ್ ತಿರುಗಿಸಿದ್ರೆ ಬರೋ ಟಕ ಟಕ ಇದಕ್ಕೆ ತಿಳಿಯಲ್ಲ."

"ಪಿನ್ನು ಸರಿಯಾಗಿ ಕೂತಿತ್ತಪ್ಪ" ಎಂದರು ದೊಡ್ಡಪ್ಪ, ಸೋಲೊಪ್ಪದೆ.

"ಪಿನ್ನು ಕೂತಿದೆ, ನಾನು ನಿಂತ್ಕೊಂಡಿದ್ದೀನಿ" ಎಂದಳು ದೊಡ್ಡಮ್ಮ. "ಟಕ ಟಕ ತಿಳಿಯೋದು ಯಾವ್ದಾದ್ರೂ ಇದ್ಯಾ ನೋಡಪ್ಪ."

ಅಂಗಡಿಯವನು ಏಣಿ ಹತ್ತಿ, ಎರಡು ಸಲ ಸೀನಿ, ಮೇಲಿನ ಅಟ್ಟದಿಂದ ಬೇರೊಂದು ಡಬ್ಬಿ ತೆಗೆದ. ಅದರ ಬೆನ್ನ ಮೇಲೆ ಸಣ್ಣಕ್ಷರದಲ್ಲಿ, ತಿರುಗಿಸುವ ಡಯಲ್ಲಿನ ಫೋನುಗಳಿಗೂ ಆಗುತ್ತದೆ ಎಂದಿತ್ತು. ಅಂಗಡಿಯ ಇಂಟರ್ನೆಟ್ಟಿಗೇ ಜೋಡಿಸಿದ. ಚೀಟಿಯನ್ನು ನಾನು ಓದುತ್ತ ಹೋದೆ, ಅವನು ಟೈಪ್ ಮಾಡಿದ. ಸೆಟ್ಟಿಂಗ್ ಪುಟದ ಕೆಳಗೆ ಹಳೆಯ ಡಯಲ್ಲಿಗೆಂದು ಒಂದು ಚೌಕವಿತ್ತು. ಅದಕ್ಕೆ ಗುರುತು ಹಾಕಿದ. ದೀಪ ಹಸಿರಾಯಿತು.

"ಮಾಡಿ ನೋಡಿ ಅಮ್ಮಾ."

"ಎಲ್ಲರೂ ಗೋಡೆ ಕಡೆ ತಿರುಗಿ."

ಚಾರ್ಜರ್ ಕೊಳ್ಳಲು ಬಂದಿದ್ದ ಒಬ್ಬರು, "ನಾನೂನಾ?" ಎಂದರು.

"ನಿಮಗೆ ಕಣ್ಣಿದ್ಯಲ್ಲ? ತಿರುಗಿ."

ಎಲ್ಲರೂ ತಿರುಗಿ, ಬಲ್ಬುಗಳ ಡಬ್ಬಿಗಳನ್ನು ಭಕ್ತಿಯಿಂದ ನೋಡುತ್ತ ನಿಂತೆವು. ಬೆನ್ನ ಹಿಂದೆ ಕರ್ರ್... ಟಕಟಕಟಕ. ಕರ್ರ್... ಟಕಟಕ. ಕೊನೆಯ ಸುತ್ತು ಮುಗಿಯಿತು. ದೂರದಲ್ಲಿ ಎಲ್ಲೋ ಒಂದು ಫೋನು ರಿಂಗಾಗುವುದು ರಿಸೀವರಿನಿಂದ ನಮಗೂ ಕೇಳಿಸಿತು. ಆಮೇಲೆ ನಿದ್ದೆಗಣ್ಣಿನ ಒಂದು "ಹೂಂ".

ದೊಡ್ಡಮ್ಮನಿಗೆ ಖುಷಿಯಲ್ಲಿ ಮೈಮೇಲೆ ಎಚ್ಚರವಿರಲಿಲ್ಲ. ಅಭ್ಯಾಸಬಲದಿಂದ, "ಏಳೋ, ಬಸ್ ಹೊರಟ್ಹೋಯ್ತು!" ಎಂದು ಕಿರುಚಿ ಇಟ್ಟಳು. ಬೆರಳು ನಿಲ್ಲಲಿಲ್ಲ. ಮುಂದಿನ ನಂಬರಿಗೆ ಹೋಯಿತು. "ಏನೋ, ನಿನ್ನೆ ಬನ್ನು ಕಲ್ಲಾಗಿತ್ತಲ್ಲೋ!" ಎಂದಳು.

"ಲೇ," ಎಂದರು ದೊಡ್ಡಪ್ಪ, ಗೋಡೆಯ ಕಡೆಗೇ ಮುಖ ಮಾಡಿ, "ಈಗ ಮಧ್ಯಾಹ್ನ ಕಣೇ."

ದೊಡ್ಡಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಡ್ರೈವರೂ ಬೇಕರಿಯವನೂ ಬೆಳಗಿನ ಸರದಿ ಮುಗಿಸಿ ಊಟ ಮಾಡಿ ಮಲಗುವ ಹೊತ್ತು ಅದು. ಅಷ್ಟರಲ್ಲಿ ರಸ್ತೆಯ ತಿರುವಿನಿಂದ ಡ್ರೈವರ್ ಓಡಿ ಬಂದ. ಅಂಗಿಯ ಗುಂಡಿಗಳು ತಪ್ಪು ಕಾಜಕ್ಕೆ ಸೇರಿದ್ದವು, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಮನೆಯ ಚಪ್ಪಲಿ. ನಿಲ್ದಾಣದಲ್ಲಿ ಕಂಡ ಮೊದಲ ಬಸ್ಸನ್ನು ಹತ್ತಿದ. ಅದರಲ್ಲಿ ಆಗಲೇ ಒಬ್ಬ ಡ್ರೈವರ್ ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ನೋಡಿಕೊಂಡರು. ಕೆಳಗಿಳಿದವನ ಕಣ್ಣಿಗೆ ಅಂಗಡಿಯ ಬಾಗಿಲಲ್ಲಿ ನಿಂತ ದೊಡ್ಡಮ್ಮ ಬಿದ್ದಳು.

"ಅಮ್ಮಾ, ಸೂರ್ಯ ಯಾಕೆ ಇಷ್ಟು ಬೇಗ ನೆತ್ತಿ ಮೇಲೆ ಬಂದಿದ್ದಾನೆ?"

ಚಾರ್ಜರಿನವರು ನಗು ತಡೆಯಲಾರದೆ ನೆಲದ ಮೇಲೆ ಕೂತರು. ಬೇಕರಿಯವನು ಜಗಳದ ಬಿಸಿಯಲ್ಲಿ ಒಲೆ ಹೊತ್ತಿಸಿಬಿಟ್ಟಿದ್ದನಂತೆ. ಸಂಜೆ ಬುಟ್ಟಿಯ ಸಮೇತ ನಮ್ಮ ಬಾಗಿಲಿಗೆ ಬಂದು, "ಕಲ್ಲಾ ಇದು? ಹಿಚುಕಿ ನೋಡಿ ಹೇಳಿ" ಎಂದು ದೊಡ್ಡಮ್ಮನ ಕೈಗೆ ಬನ್ನು ತುರುಕಿದ.

ಮಾರನೆಯ ದಿನ ಹೊಸ ಅಡಾಪ್ಟರ್ ನಮ್ಮ ಮನೆಯ ಮೇಜಿನ ಮೇಲೆ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಹೊರಗೆ ಇನ್ನೂ ಕತ್ತಲೆ. ನಾವು ಪರದೆಯ ಈಚೆ ಬೆನ್ನು ತಿರುಗಿಸಿ ನಿಂತಿದ್ದೆವು. ದೊಡ್ಡಮ್ಮ ಡಯಲ್ ತಿರುಗಿಸಿದಳು, ರಿಂಗಾಯಿತು.

"ಏಳೋ, ಬಸ್ ಹೊರಟ್ಹೋಯ್ತು!"

ಆದರೆ ಈ ಸಲ ಡ್ರೈವರ್ ಓಡಲಿಲ್ಲ. "ಅಮ್ಮಾ, ಇದು ನಿಜವಾದ ಬೆಳಗ್ಗೇನಾ?" ಎಂದು ಅನುಮಾನದಿಂದ ಕೇಳಿದ.

ದೊಡ್ಡಮ್ಮ ದನಿ ತಗ್ಗಿಸಿದಳು.

"ನನ್ನ ಮಾತು ನಂಬಬೇಡಪ್ಪ. ಹೋಗಿ ಕಿಟಕಿ ತೆಗೆದು ನೀನೇ ನೋಡ್ಕೊ."

ರಿಸೀವರಿನಲ್ಲಿ ಅವನ ಮಂಚ ಕಿರುಗುಟ್ಟಿದ್ದು ಕೇಳಿಸಿತು. ಅವಳು ಮೆಲ್ಲಗೆ ಫೋನ್ ಇಟ್ಟು, ಬೇಕರಿಯವನಿಗಾಗಿ ಬೆರಳನ್ನು ಡಯಲ್ಲಿಗೆ ಹಾಕಿದಳು.